ದಮ್ಮು

ಪಾರಸಿಯಲ್ಲಿ ‘ದಮ್’ ಎಂದರೆ ಉಸಿರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಆಡುಮಾತಿನಲ್ಲಿ ಅದು ಏದುಸಿರೂ ಹೌದು, ಎದೆಗಾರಿಕೆಯೂ ಹೌದು: ಓಡಿ ಬಂದವನಿಗೆ ‘ದಮ್ಮು ಹತ್ತೇತಿ’, ಎದುರಾಳಿಗೆ ‘ದಮ್ಮಿದ್ರ ಬಾ’. ಎರಡೂ ಅರ್ಥ ಕೂಡುವುದು ಕಬಡ್ಡಿ ಅಂಗಳದಲ್ಲಿ. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು. ಉಸಿರು ಮುರಿದರೆ ದಾಳಿ ಮುಗಿಯಿತು. ಈಗ ದಾಳಿಗೆ 30 ಸೆಕೆಂಡಿನ ಮಿತಿಯಿದೆ. ಗಡಿಯಾರ ಬಂದ ಮೇಲೆ ದಮ್ಮಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಆದರೆ ಗಡಿಯಾರ ಎದೆಗಾರಿಕೆಯನ್ನು ಅಳೆಯದು: ಕೊನೆಯ ನಿಮಿಷಗಳಲ್ಲಿ ಮುಂದಿರುವ ತಂಡ ಹೊತ್ತು ಕಳೆಯಲೆಂದೇ ಎದುರಾಳಿ ಅಂಗಳದ ಬಾಕ್ ಗೆರೆಯನ್ನಷ್ಟೇ ದಾಟಿ ಮರಳತೊಡಗುತ್ತದೆ. ಅದಕ್ಕೇ ಪ್ರೊ ಕಬಡ್ಡಿ ಲೀಗಿನಲ್ಲಿ ಸತತ ಎರಡು ದಾಳಿ ಖಾಲಿಯಾದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತಪ್ಪಿದರೆ ದಾಳಿಗಾರ ಔಟ್. ಎದೆಗಾರಿಕೆಗೆ ಲೆಕ್ಕ ಕೇಳುವ ಈ ನಿಯಮದಿಂದ ದಮ್ಮಿನ ಎರಡನೆಯ ಅರ್ಥ ಇನ್ನಷ್ಟು ಗಟ್ಟಿಯಾಗಿದೆ.