ಹಿನ್ನೀರ ಗೊರವ: ವಾಣಿ ವಿಲಾಸ ಸಾಗರದಲ್ಲಿ ಹುಡುಕುವುದು ಹೇಗೆ?

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ನಿರ್ಮಿಸಿದ ವಾಣಿ ವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಇದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿದೆ. ಚಳಿಗಾಲದಲ್ಲಿ ಇಂತಹ ಜಲಾಶಯಗಳ ಅಂಚನ್ನು ಅರಸಿ ಬರುವ ವಲಸೆ ಹಕ್ಕಿಗಳಲ್ಲಿ ಕರಿಬಾಲದ ಹಿನ್ನೀರ ಗೊರವವೂ ಒಂದು. ಬಯಲುಸೀಮೆಯ ಒಳನಾಡಿನಲ್ಲಿ ಇದು ದಿನನಿತ್ಯ ಕಾಣುವ ಹಕ್ಕಿಯಲ್ಲ. ಗಾಡ್ವಿಟ್ ಎಂದೂ ಕರೆಯಲಾಗುವ ಈ ಹಕ್ಕಿಯನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿಗೆ ಸಮೀಪಿಸಿದ ಪ್ರಭೇದವೆಂದು ಗುರುತಿಸಲಾಗಿದೆ. ಸಂತಾನೋತ್ಪತ್ತಿಯ ತಾಣಗಳಾದ ಹಸಿ ಹುಲ್ಲುಗಾವಲುಗಳು ಬಸಿದು ಕೃಷಿಭೂಮಿಯಾಗುತ್ತಿರುವುದು ಇದಕ್ಕೆ ಮುಖ್ಯ ಕಾರಣ.

ಗುರುತಿಸುವ ಬಗೆ

ಸುಮಾರು 40 ಸೆಂ.ಮೀ. ಉದ್ದದ ಈ ಹಕ್ಕಿಯ ಕೊಕ್ಕು ನೀಳ ಹಾಗೂ ನೇರ. ಬುಡದಲ್ಲಿ ನಸುಗೆಂಪು, ತುದಿಯಲ್ಲಿ ಕಪ್ಪು. ಚಳಿಗಾಲದಲ್ಲಿ ಮೈಬಣ್ಣ ಬೂದುಗಂದು. ಹಾರುವಾಗ ರೆಕ್ಕೆಯ ಬಿಳಿ ಪಟ್ಟೆ ಮತ್ತು ಬಾಲದ ಕಪ್ಪು ಪಟ್ಟಿ ಎದ್ದು ಕಾಣುತ್ತವೆ. ಜತೆಯಲ್ಲಿರಬಹುದಾದ ಮೆಟ್ಟುಗಾಲು ಹಕ್ಕಿಗೆ ಗುಲಾಬಿಗೆಂಪು ಕಾಲುಗಳೂ ಸೂಜಿಯಂತಹ ಕಪ್ಪು ಕೊಕ್ಕೂ ಇರುವುದರಿಂದ ಗೊಂದಲಕ್ಕೆ ಅವಕಾಶವಿಲ್ಲ.

ನೀರಿನ ಮಟ್ಟವೇ ಸುಳಿವು

ಹಿನ್ನೀರ ಗೊರವ ಈಜಿ ಮೇಯುವುದಿಲ್ಲ. ಹೆಚ್ಚೆಂದರೆ ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ನಿಂತು, ಕೆಸರಿಗೆ ಕೊಕ್ಕು ತೂರಿಸಿ ಹುಳುಗಳನ್ನು ಹೆಕ್ಕುತ್ತದೆ. ಆದ್ದರಿಂದ ನೀರು ಇಳಿದು ಕೆಸರಿನ ಅಂಚು ತೆರೆದುಕೊಂಡ ಜಾಗವೇ ಅದರ ಊಟದ ಎಲೆ.

ವಾಣಿ ವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅನಂತರ 2025ರ ಜನವರಿಯಲ್ಲಿಯೂ ಜಲಾಶಯ ತುಂಬಿತು. 2019ರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ನೀರು ಇಲ್ಲಿಗೆ ಹರಿಯತೊಡಗಿತು. ಬರಕ್ಕೆ ನಲುಗಿದ ರೈತರಿಗೆ ಇದು ಬಹುಕಾಲದ ಕನಸಿನ ಈಡೇರಿಕೆ. ಆದರೆ ತುಂಬಿದ ಜಲಾಶಯದಲ್ಲಿ ನೀರು ಗುಡ್ಡದ ಇಳಿಜಾರಿಗೂ ಕುರುಚಲು ಕಾಡಿಗೂ ತಾಗಿ ನಿಲ್ಲುವುದರಿಂದ ಕೆಸರಿನ ಅಂಚು ಮುಳುಗಿ, ಗೊರವಗಳಿಗೆ ನೆಲೆ ಉಳಿಯುವುದಿಲ್ಲ.

ಎಲ್ಲಿ, ಯಾವಾಗ?

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಸೂಕ್ತ. ಜಲಾಶಯ ತುಂಬಿದ ವರ್ಷ ಅಣೆಕಟ್ಟೆಯ ಬಳಿ ಕಾಯುವುದಕ್ಕಿಂತ ಹಿನ್ನೀರಿನ ಆಳವಿಲ್ಲದ ತುದಿಗಳನ್ನೂ, ಭೀಮಸಮುದ್ರದಂತಹ ಕೆರೆಗಳನ್ನೂ, ಹೊಳಲ್ಕೆರೆ ಭಾಗದ ಬತ್ತತೊಡಗಿದ ಕೆರೆಯಂಗಳಗಳನ್ನೂ ನೋಡುವುದು ಲೇಸು. ಹಕ್ಕಿಗಳು ಎದ್ದು ಹಾರದಂತೆ ದೂರದಿಂದ, ಬೆಳಗಿನ ಬಿಸಿಲು ಬೆನ್ನಿಗಿರುವಂತೆ ನಿಂತು ವೀಕ್ಷಿಸಬೇಕು.

ಹಕ್ಕಿ ಕಾಣದ ದಿನದ ಟಿಪ್ಪಣಿಗೂ ಬೆಲೆಯುಂಟು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯಂತಹ ಕಾರ್ಯಕ್ಕೆ ನೀಡುವ ಎಣಿಕೆಯ ಜತೆ ಅಂದಿನ ನೀರಿನ ಮಟ್ಟವನ್ನೂ ದಾಖಲಿಸಿದರೆ, ಹಕ್ಕಿ ನಿಜಕ್ಕೂ ಕಡಿಮೆಯಾಯಿತೋ ಅಥವಾ ಕೆಸರನ್ನು ಅರಸಿ ಪಕ್ಕದ ಕೆರೆಗೆ ಸರಿಯಿತೋ ಎಂಬುದನ್ನು ತಿಳಿಯಲು ನೆರವಾಗುತ್ತದೆ.