ನಾಲ್ಕನೆಯ ಘಾತ ಯಾತಕ್ಕೆ?

ಘಾತಾಂಕಗಳ ಪಾಠದ ದಿನ ತರಗತಿಯಲ್ಲಿ ಒಬ್ಬನಾದರೂ ಕೇಳುತ್ತಿದ್ದ: "ಸಾರ್, ಎರಡನೆಯ ಘಾತ ವಿಸ್ತೀರ್ಣಕ್ಕೆ, ಮೂರನೆಯದು ಘನಫಲಕ್ಕೆ. ನಾಲ್ಕನೆಯದು ಯಾತಕ್ಕೆ?" ನಾನು ನಕ್ಕು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದೆ. ಆ ಸಾಲವನ್ನು ಈಗ ತೀರಿಸುತ್ತಿದ್ದೇನೆ. ಉತ್ತರವಿರುವುದು ಮಾದರಿ ವಿಮಾನದ ಪ್ರೊಪೆಲ್ಲರಿನಲ್ಲಿ.

ರೈಟ್ ಸಹೋದರರು ಹಡಗಿನ ಎಂಜಿನಿಯರುಗಳ ಬಳಿ ಪ್ರೊಪೆಲ್ಲರಿನ ಸೂತ್ರ ಸಿದ್ಧವಾಗಿರುತ್ತದೆಂದು ನಂಬಿದ್ದರು. ಅಲ್ಲಿದ್ದುದು ಬರಿಯ ಅನುಭವದ ಅಂದಾಜು. ಪ್ರೊಪೆಲ್ಲರ್ ಎಂದರೆ ಸುತ್ತುತ್ತಾ ಸಾಗುವ ರೆಕ್ಕೆಯೇ ಎಂದು ಅವರೇ ಕಂಡುಕೊಂಡರು. ಸುಮಾರು 12 ಅಶ್ವಶಕ್ತಿಯ ಎಂಜಿನ್ನಿಗೆ ಎಂಟೂವರೆ ಅಡಿ ವ್ಯಾಸದ ಎರಡು ಪ್ರೊಪೆಲ್ಲರುಗಳನ್ನು ಸರಪಳಿಯಿಂದ ಜೋಡಿಸಿ 1903ರಲ್ಲಿ ಹಾರಿದರು. ಸೈಕಲ್ ಅಂಗಡಿಯವರಲ್ಲವೇ, ಸರಪಳಿ ಅವರಿಗೆ ಕೈಗೆ ಬಂದ ವಿದ್ಯೆ.

ಇನ್ನು 1971ಕ್ಕೆ ಬರೋಣ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಜಾರ್ಜ್ ಬಲ್ಲಾಸ್ ಎಂಬಾತ ಕಾರು ತೊಳೆಯುವ ಯಂತ್ರದ ಕುಂಚಗಳು ಗಿರಗಿರನೆ ತಿರುಗುವುದನ್ನು ಕಂಡು, ಪಾಪ್‌ಕಾರ್ನ್ ಡಬ್ಬಿಗೆ ಮೀನುಗಾಳದ ದಾರ ಪೋಣಿಸಿ, ತಿರುಗಿಸಿ ಹುಲ್ಲು ಕತ್ತರಿಸಿದ. ಇಂದು ನಮ್ಮ ಅಡಿಕೆ ತೋಟಗಳಲ್ಲಿ ಕಿವಿ ಕೊರೆಯುವ ಕಳೆ ಕತ್ತರಿಸುವ ಯಂತ್ರದ ಮೂಲ ಇದೇ. ಇಂತಹ ಯಂತ್ರಗಳ 25ರಿಂದ 35 ಸಿ.ಸಿ. ಪೆಟ್ರೋಲ್ ಎಂಜಿನ್ನುಗಳು ದೊಡ್ಡ ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳನ್ನು ಕಟ್ಟುವವರ ಕಣ್ಣಿಗೆ ಬಿದ್ದವು. ಅವರು ಅದುವರೆಗೆ ಸುಡುತ್ತಿದ್ದ ಮೆಥನಾಲ್ ಮಿಶ್ರಣ ದುಬಾರಿ, ಪೆಟ್ರೋಲ್ ಅಗ್ಗ. ಎಂಜಿನ್ನಿನ ಮೇಲಿನ ಹೊದಿಕೆಗಳನ್ನು ಕಳಚಿದರು, ಕಿಡಿ ಹುಟ್ಟಿಸುವ ಅಯಸ್ಕಾಂತವುಳ್ಳ ಫ್ಲೈವೀಲನ್ನು ಉಳಿಸಿಕೊಂಡರು.

ಆದರೆ ಯಾವ ಪ್ರೊಪೆಲ್ಲರ್ ಹಾಕುವುದು? ಇಲ್ಲಿಯೇ ಎಂಜಿನ್ನಿನ ಆಯುಷ್ಯ ನಿರ್ಧಾರವಾಗುವುದು. ತೀರ ಚಿಕ್ಕದಾದರೆ ಹೊರೆಯಿಲ್ಲದೆ ಮಿತಿಮೀರಿ ತಿರುಗಿ ಕನೆಕ್ಟಿಂಗ್ ರಾಡ್ ಮುರಿಯಬಹುದು; ತೀರ ದೊಡ್ಡದಾದರೆ ಏದುಸಿರು ಬಿಟ್ಟು ಕಾದುಹೋಗುತ್ತದೆ. ಪ್ರೊಪೆಲ್ಲರಿನ ಮೇಲೆ 18×6 ಎಂದಿದ್ದರೆ ವ್ಯಾಸ 18 ಅಂಗುಲ, ಪಿಚ್ 6 ಅಂಗುಲ. ಪಿಚ್ ಎಂದರೆ ಗಾಳಿಯನ್ನು ಮರವೆಂದು ಭಾವಿಸಿದರೆ ತಿರುಪುಮೊಳೆಯಂತೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ. ಹವ್ಯಾಸಿಗಳ ಸ್ಥೂಲ ನಿಯಮ ಹೀಗಿದೆ: ಒಂದೇ ವೇಗದಲ್ಲಿ ತಿರುಗಿಸಲು ಬೇಕಾಗುವ ಶಕ್ತಿ ಪಿಚ್ಚಿಗೂ ವ್ಯಾಸದ ನಾಲ್ಕನೆಯ ಘಾತಕ್ಕೂ ಅನುಪಾತದಲ್ಲಿರುತ್ತದೆ. ಬಂತಲ್ಲ ನಿಮ್ಮ ನಾಲ್ಕನೆಯ ಘಾತ!

ಪೆನ್ಸಿಲ್ ಹಿಡಿಯಿರಿ. 18ರ ನಾಲ್ಕನೆಯ ಘಾತ 1,04,976, 20ರದು 1,60,000. ಪಿಚ್ ಹಾಗೆಯೇ ಇಟ್ಟು ಎರಡೇ ಅಂಗುಲ ಹೆಚ್ಚಿಸಿದರೆ ಹೊರೆ ಶೇ. 52ರಷ್ಟು ಏರಿತು. ಇದಕ್ಕಿಂತ ಸ್ವಾರಸ್ಯವಾದುದು 18×6 ಮತ್ತು 16×10ರ ಹೋಲಿಕೆ. ಎಂಜಿನ್ನಿಗೆ ಎರಡರ ಹೊರೆಯೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಶೇ. 4. ಆದರೆ ನಿಮಿಷಕ್ಕೆ 7,000 ಸುತ್ತಿನಲ್ಲಿ ಮೊದಲನೆಯದರ ಪಿಚ್ ವೇಗ ಗಂಟೆಗೆ 64 ಕಿ.ಮೀ., ಎರಡನೆಯದರದು 107. ಪೈಪರ್ ಕಬ್ ವಿಮಾನದ ಕಾಲು ಅಳತೆಯ ಮಾದರಿಗೆ ರೆಕ್ಕೆಯ ಹರವು ಸುಮಾರು ಒಂಬತ್ತು ಅಡಿ. ನಿಧಾನವಾಗಿ, ಗಾಂಭೀರ್ಯದಿಂದ ಹಾರಬೇಕಾದದ್ದು. ಅದಕ್ಕೆ ದೊಡ್ಡ ವ್ಯಾಸ, ಕಡಿಮೆ ಪಿಚ್ಚಿನದೇ ಸರಿ. ವೇಗದ ವಿಮಾನಕ್ಕೆ ಇನ್ನೊಂದು.

ಅಮೆರಿಕದಲ್ಲಿ ಮಕ್ಕಳೊಡನೆ ಈ ಹವ್ಯಾಸಕ್ಕೆ ಕೈಹಾಕುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಲೇಬೇಕು. ಹುಲ್ಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಇರುತ್ತದೆ. ಎಂಜಿನ್ ಮೆಲ್ಲನೆ ಗುಟುರು ಹಾಕುತ್ತಿದ್ದರೂ ದಾರ ನಿಂತಿರುತ್ತದೆ. ವಿಮಾನಕ್ಕೆ ಅಳವಡಿಸುವಾಗ ಕ್ಲಚ್ ತೆಗೆದು ಪ್ರೊಪೆಲ್ಲರನ್ನು ನೇರವಾಗಿ ಕ್ರ್ಯಾಂಕ್ ದಂಡಕ್ಕೇ ಬಿಗಿಯುತ್ತಾರೆ. ಎಂಜಿನ್ ಉಸಿರಾಡುತ್ತಿರುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ, ಮತ್ತು ವೇಗವಾಗಿ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಕಾರ್ಬ್ಯುರೇಟರ್ ಸರಿಪಡಿಸುವಾಗ ಹಿಂದೆ ನಿಲ್ಲಿ. ಬಿರುಕು ಬಿಟ್ಟ ಪ್ರೊಪೆಲ್ಲರಿಗೆ ಅಂಟು ಹಚ್ಚಬೇಡಿ, ಎಸೆಯಿರಿ.