ಆಟದ ಪೆಟ್ಟಿಗೆ ಆಫೀಸಿಗೆ ಹೊರಟ ಕಥೆ

ಟಿವಿಗೆ ಎರಡು ವೈರ್ ಸಿಕ್ಕಿಸಿ, ಮೇಲೆ ದಪ್ಪನೆಯ ಕ್ಯಾಸೆಟ್ ಒತ್ತಿ ಆಡುತ್ತಿದ್ದ ವಿಡಿಯೊ ಗೇಮ್ ನಿಮಗೆ ನೆನಪಿದೆಯೇ? ತೊಂಬತ್ತರ ದಶಕದಲ್ಲಿ ಅದು ಊರಲ್ಲಿ ಯಾರಾದರೊಬ್ಬರ ಮನೆಯಲ್ಲಿ ಇದ್ದರೆ ಸಾಕು, ಬೇಸಿಗೆ ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಆ ಮನೆಯಲ್ಲೇ. ಮಾರಿಯೊ, ಕಾಂಟ್ರಾ. ಕ್ಯಾಸೆಟ್ ಓಡದಿದ್ದರೆ ತೆಗೆದು ಉಫ್ ಎಂದು ಊದಿ ಮತ್ತೆ ಹಾಕುವುದು. ಆಗ ನಮ್ಮಲ್ಲಿ ಮಾರಾಟವಾಗುತ್ತಿದ್ದ ಅಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದಿದ್ದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು.

ನಮಗೆ ಅದು ಬರೀ ಆಟದ ಸಾಮಾನು. ಜಪಾನಿನಲ್ಲಿ ಮಾತ್ರ ಅದಕ್ಕೆ ಇನ್ನೊಂದು ಕೆಲಸವೂ ಬಂತು. 1988ರಲ್ಲಿ ನಿಂಟೆಂಡೊ ಅಲ್ಲಿನ ದೊಡ್ಡ ಷೇರು ದಲ್ಲಾಳಿ ಸಂಸ್ಥೆ ನೊಮುರಾ ಸೆಕ್ಯುರಿಟೀಸ್ ಜೊತೆ ಸೇರಿ ಫ್ಯಾಮಿಕಾಮ್‌ಗೆ ಒಂದು ಮೋಡೆಮ್ ತಂದಿತು. ಅದನ್ನು ಪೆಟ್ಟಿಗೆಗೆ ಸಿಕ್ಕಿಸಿ ಮನೆಯ ಟೆಲಿಫೋನ್ ಲೈನ್ ಜೋಡಿಸಿದರೆ, ಮಗ ಮಾರಿಯೊ ಆಡುತ್ತಿದ್ದ ಅದೇ ಟಿವಿಯಲ್ಲಿ ಅಪ್ಪ ಷೇರಿನ ದರ ನೋಡಿ ಕೊಳ್ಳಬಹುದಿತ್ತು, ಮಾರಬಹುದಿತ್ತು. ಬ್ಯಾಂಕಿನ ವ್ಯವಹಾರ, ಕುದುರೆ ರೇಸಿನ ಬಾಜಿಯೂ ಆಮೇಲೆ ಸೇರಿಕೊಂಡವು.

ಮಕ್ಕಳ ಆಟದ ಪೆಟ್ಟಿಗೆಯನ್ನು ದೊಡ್ಡವರ ಕೆಲಸಕ್ಕೆ ಹೂಡುವ ಆಸೆ ಹೀಗೆ ಹಳೆಯದು. ಈ ಆಸೆ ಮುಂದೆ ಬೆಳೆದು, ಮನೆಯ ಟಿವಿ ಮುಂದೆ ಕೂತೇ ಆಫೀಸಿನ ಮೀಟಿಂಗ್ ಮುಗಿಸಬಹುದು ಎಂಬಲ್ಲಿಗೆ ಬಂತು. ಹಣ ಇತ್ತು, ಬುದ್ಧಿವಂತ ಎಂಜಿನಿಯರುಗಳಿದ್ದರು, ಯಂತ್ರವೂ ಕೆಲಸ ಮಾಡಿತು. ಆದರೂ ಅದು ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂಬುದು, ಫೋನ್ ಹಿಡಿದು ಇದನ್ನು ಓದುತ್ತಿರುವ ನಮಗೂ ತಿಳಿದಿರಬೇಕಾದ ಸಂಗತಿ.

ಮುಖ ಕಾಣುವ ಫೋನು

ಕೂತಲ್ಲೇ ದೂರದವರ ಮುಖ ನೋಡಿ ಮಾತಾಡುವ ಯಂತ್ರವನ್ನು ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಿಗೆ ತೋರಿಸಿತ್ತು. ಹೆಸರು ಪಿಕ್ಚರ್‌ಫೋನ್. ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೊ ನಗರಗಳಲ್ಲಿ ಅದಕ್ಕೆಂದೇ ಬೂತ್‌ಗಳನ್ನೂ ತೆರೆಯಿತು. ಮೂರು ನಿಮಿಷ ಮಾತಾಡಲು ಕಡಿಮೆಯೆಂದರೆ 16 ಡಾಲರ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

1970ರಲ್ಲಿ ಪಿಟ್ಸ್‌ಬರ್ಗ್ ನಗರದ ಆಫೀಸುಗಳಿಗೆ ಅದನ್ನು ತಿಂಗಳಿಗೆ 160 ಡಾಲರ್ ಬಾಡಿಗೆಯ ಮೇಲೆ ಕೊಡಲು ಶುರುಮಾಡಿದರು. ತೆಗೆದುಕೊಂಡವರು ಬೆರಳೆಣಿಕೆಯಷ್ಟು. ದುಬಾರಿ ಎಂಬುದು ಒಂದು ಕಾರಣವಾದರೆ, ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನನ್ನ ಹತ್ತಿರ ಈ ಯಂತ್ರ ಇದೆ, ಸರಿ. ನಾನು ಯಾರಿಗೆ ಕರೆ ಮಾಡಲಿ? ಆ ಕಡೆಯವರ ಹತ್ತಿರವೂ ಅದೇ ಯಂತ್ರ ಇರಬೇಕಲ್ಲ! ಊರಿಗೆಲ್ಲ ಒಂದೇ ಫೋನ್ ಇದ್ದಾಗ ಆ ಫೋನಿಗೆ ಇದ್ದ ಕಷ್ಟವೇ ಇದಕ್ಕೂ. ಕೆಲವೇ ವರ್ಷಗಳಲ್ಲಿ ಪಿಕ್ಚರ್‌ಫೋನ್ ಮೂಲೆ ಸೇರಿತು.

ಟಿವಿ ಮೇಲೆ ಕೂತ ಕಣ್ಣು

ಮುಂದಿನ ಮೂವತ್ತು ವರ್ಷಗಳಲ್ಲಿ ಆಟದ ಪೆಟ್ಟಿಗೆಗಳು ಲಕ್ಷಾಂತರ ಮನೆಗಳನ್ನು ಹೊಕ್ಕವು. ಟಿವಿ ಹೇಗೂ ಮನೆಯಲ್ಲಿದೆ, ಪೆಟ್ಟಿಗೆಯೂ ಇದೆ. ಒಂದು ಕ್ಯಾಮೆರಾ, ಒಂದು ಇಂಟರ್ನೆಟ್ ಲೈನ್ ಕೊಟ್ಟರೆ ಮುಖ ಕಾಣುವ ಫೋನ್ ತಾನಾಗಿ ಸಿಕ್ಕಂತೆ ಎಂದು ಕಂಪನಿಗಳು ಲೆಕ್ಕ ಹಾಕಿದವು.

2000ದಲ್ಲಿ ಜಪಾನಿನ ಸೇಗಾ ಕಂಪನಿ ತನ್ನ ಡ್ರೀಮ್‌ಕಾಸ್ಟ್ ಪೆಟ್ಟಿಗೆಗೆ ಡ್ರೀಮ್‌ಐ ಎಂಬ ಕ್ಯಾಮೆರಾ ತಂದಿತು. ಅದರಲ್ಲಿ ಇಂಟರ್ನೆಟ್ ಮೂಲಕ ಮುಖ ನೋಡಿ ಮಾತಾಡಬಹುದಿತ್ತು. ಆದರೆ ಮರುವರ್ಷವೇ ಸೇಗಾ ಆಟದ ಪೆಟ್ಟಿಗೆ ತಯಾರಿಸುವುದನ್ನೇ ನಿಲ್ಲಿಸಿತು. ಡ್ರೀಮ್‌ಐ ಜಪಾನ್ ಬಿಟ್ಟು ಆಚೆ ಬರಲಿಲ್ಲ.

ಆಮೇಲೆ ಸೋನಿ ಬಂತು. ಪ್ಲೇಸ್ಟೇಷನ್ 2 ಪೆಟ್ಟಿಗೆಗೆ 2003ರಲ್ಲಿ ಐಟಾಯ್ ಎಂಬ ಪುಟ್ಟ ಕ್ಯಾಮೆರಾ ಕೊಟ್ಟಿತು. ಅದು ಮುಖ್ಯವಾಗಿ ಕೈಕಾಲು ಆಡಿಸಿ ಆಡುವ ಆಟಗಳಿಗೆ ಮಾಡಿದ್ದು. 2005ರಲ್ಲಿ ಯುರೋಪಿನಲ್ಲಿ ಐಟಾಯ್ ಚಾಟ್ ಎಂಬ ಡಿಸ್ಕ್ ಬಂದು ಅದೇ ಕ್ಯಾಮೆರಾದಲ್ಲಿ ವಿಡಿಯೊ ಕರೆಯೂ ಸಾಧ್ಯವಾಯಿತು. ಮುಂದಿನ ಪ್ಲೇಸ್ಟೇಷನ್ 3ರಲ್ಲಿ ಆರು ಜನ ಒಟ್ಟಿಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಮಾತಾಡಬಹುದಿತ್ತು. ಆರು ಜನ ಎಂದರೆ ಒಂದು ಸಣ್ಣ ಆಫೀಸಿನ ಮೀಟಿಂಗಿಗೆ ಸಾಕಷ್ಟಾಯಿತು. ಇವತ್ತು ನಾವು ಗೂಗಲ್ ಮೀಟ್‌ನಲ್ಲಿ ನೋಡುವ ಚೌಕ ಚೌಕದ ಮುಖಗಳು ಅಂದೇ ಟಿವಿಯಲ್ಲಿ ಕಾಣುತ್ತಿದ್ದವು.

ಇವೆಲ್ಲವನ್ನೂ ಮೀರಿಸುವಂತೆ ಬಂದದ್ದು ಮೈಕ್ರೋಸಾಫ್ಟ್‌ನ ಕಿನೆಕ್ಟ್. 2010ರ ನವೆಂಬರ್ 4ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಎಕ್ಸ್‌ಬಾಕ್ಸ್ 360 ಎಂಬ ಪೆಟ್ಟಿಗೆಗೆ ಜೋಡಿಸಿ ಟಿವಿ ಹತ್ತಿರ ಇಡುವ ಉದ್ದನೆಯ ಪಟ್ಟಿ ಅದು. ಬೆಲೆ ಸುಮಾರು 150 ಡಾಲರ್. ಮೊದಲ 60 ದಿನದಲ್ಲೇ 80 ಲಕ್ಷ ಹೋದವು.

ಕಿನೆಕ್ಟ್ ಸಾಮಾನ್ಯ ಕ್ಯಾಮೆರಾ ಅಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಯಾವ ಚುಕ್ಕಿ ಎಲ್ಲಿ ಬಿತ್ತು ಎಂದು ನೋಡಿ, ಯಾರು ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂದು ಲೆಕ್ಕ ಹಾಕುತ್ತಿತ್ತು. ನಾಲ್ಕು ಮೈಕುಗಳಿದ್ದುದರಿಂದ ಮಾತು ಯಾವ ದಿಕ್ಕಿನಿಂದ ಬಂತೆಂದೂ ಗೊತ್ತಾಗುತ್ತಿತ್ತು. ಇದರಲ್ಲಿ ವಿಡಿಯೊ ಕಿನೆಕ್ಟ್ ಎಂಬ ಸೌಲಭ್ಯ ಇತ್ತು. ಕರೆಯಲ್ಲಿರುವವರು ಸೋಫಾದಿಂದ ಎದ್ದು ಅತ್ತಿತ್ತ ಓಡಾಡಿದರೆ ಚಿತ್ರವೂ ಅವರ ಹಿಂದೆ ಹೋಗುತ್ತಿತ್ತು. ಆ ಕಡೆಯವರ ಹತ್ತಿರ ಎಕ್ಸ್‌ಬಾಕ್ಸ್ ಇಲ್ಲದಿದ್ದರೂ ಕಂಪ್ಯೂಟರಿನಲ್ಲಿ ವಿಂಡೋಸ್ ಲೈವ್ ಮೆಸೆಂಜರ್ ಇದ್ದರೆ ಸಾಕಿತ್ತು. ಪಿಕ್ಚರ್‌ಫೋನ್‌ನ ಹಳೆಯ ಕಷ್ಟಕ್ಕೆ ಅರ್ಧ ಪರಿಹಾರ ಸಿಕ್ಕಿತ್ತು.

2011ರಲ್ಲಿ ಅವತಾರ್ ಕಿನೆಕ್ಟ್ ಎಂಬುದೂ ಬಂತು. ಇದರಲ್ಲಿ ನಿಮ್ಮ ಮುಖದ ಬದಲು ನಿಮ್ಮದೊಂದು ಬೊಂಬೆ ಕಾಣುತ್ತಿತ್ತು. ನೀವು ನಕ್ಕರೆ ಬೊಂಬೆ ನಗುತ್ತಿತ್ತು, ಹುಬ್ಬು ಏರಿಸಿದರೆ ಅದೂ ಏರಿಸುತ್ತಿತ್ತು. ಗೆಳೆಯರೆಲ್ಲ ಬೊಂಬೆಗಳಾಗಿ ಒಂದು ಟಿವಿ ಸ್ಟುಡಿಯೊದಂಥ ಜಾಗದಲ್ಲಿ ಕೂತು ಚರ್ಚೆ ಮಾಡಬಹುದಿತ್ತು.

ಮನೆಗೂ ಆಫೀಸಿಗೂ ಸೇತುವೆ

2011ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಸ್ಕೈಪ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅಂದಿನ ಪ್ರಕಟಣೆಯಲ್ಲೇ ಉದ್ದೇಶ ಸ್ಪಷ್ಟವಾಗಿತ್ತು. ಎಕ್ಸ್‌ಬಾಕ್ಸ್, ಕಿನೆಕ್ಟ್‌ಗಳಿಗೆ ಸ್ಕೈಪ್ ಬರುತ್ತದೆ. ಸ್ಕೈಪ್ ಬಳಸುವವರನ್ನು ಆಫೀಸುಗಳ ಮೀಟಿಂಗ್ ತಂತ್ರಾಂಶವಾದ ಲಿಂಕ್‌ಗೂ ಜೋಡಿಸುತ್ತೇವೆ. ಅಂದರೆ ಒಂದು ತುದಿಯಲ್ಲಿ ಮನೆಯ ಟಿವಿ, ಇನ್ನೊಂದು ತುದಿಯಲ್ಲಿ ಆಫೀಸಿನ ಮೇಜು, ನಡುವೆ ಒಂದೇ ದಾರಿ.

2013ರ ನವೆಂಬರ್ 22ರಂದು ಎಕ್ಸ್‌ಬಾಕ್ಸ್ ಒನ್ ಬಂತು. ಪ್ರತಿ ಪೆಟ್ಟಿಗೆಯ ಜೊತೆಗೂ ಹೊಸ ಕಿನೆಕ್ಟ್, ಅದರಲ್ಲಿ 1080ಪಿ ಕ್ಯಾಮೆರಾ, ಜೊತೆಗೆ ಸ್ಕೈಪ್. ಬೆಲೆ 499 ಡಾಲರ್. ಆಗಿನ ಲ್ಯಾಪ್‌ಟಾಪುಗಳ ಮಸುಕು ಕ್ಯಾಮೆರಾದ ಮುಂದೆ ಇದು ರಾಜನಂತಿತ್ತು.

ಸೇತುವೆಯ ಕೆಲಸ ಮಾತ್ರ ನಿಧಾನ. ಸ್ಕೈಪ್ ಮತ್ತು ಲಿಂಕ್ ನಡುವೆ 2013ರಲ್ಲಿ ಶುರುವಾದದ್ದು ಮಾತು ಮತ್ತು ಸಂದೇಶ ಅಷ್ಟೇ. ಮುಖ ಕಾಣುವ ಕರೆಗೆ 2014ರ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಟಿವಿ ಹತ್ತಿರದ ಆ ಕಣ್ಣಿಗೇ ಕುತ್ತು ಬಂದಿತ್ತು.

ಕಣ್ಣು ಮುಚ್ಚುವವರು ಯಾರು?

ಎಕ್ಸ್‌ಬಾಕ್ಸ್ ಒನ್ ಬರುತ್ತದೆಂದು ಮೈಕ್ರೋಸಾಫ್ಟ್ ಘೋಷಿಸಿದ್ದು 2013ರ ಮೇ ತಿಂಗಳಲ್ಲಿ. ಕಿನೆಕ್ಟ್ ಇಲ್ಲದೆ ಅದು ಓಡುವುದೇ ಇಲ್ಲ ಎಂದು ಮೊದಲು ಹೇಳಿದ್ದರು. ಪೆಟ್ಟಿಗೆ ಮಲಗಿದ್ದಾಗಲೂ ಮೈಕು ಎಚ್ಚರವಾಗಿರುತ್ತದೆ, 'ಎಕ್ಸ್‌ಬಾಕ್ಸ್ ಆನ್' ಎಂದರೆ ಏಳುತ್ತದೆ. ಕಂಪನಿಗೆ ಇದು ಹೆಮ್ಮೆಯ ಮಾತು.

ಮರು ತಿಂಗಳೇ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಪ್ತಚರ ಸಂಸ್ಥೆಯ ದಾಖಲೆಗಳನ್ನು ಬಯಲಿಗಿಟ್ಟರು. ಸ್ಕೈಪ್ ವಿಡಿಯೊ ಕರೆಗಳೂ ಆ ಸಂಸ್ಥೆಯ ಕೈಗೆ ಸಿಗುತ್ತಿವೆ ಎಂದು ಜುಲೈನಲ್ಲಿ ಗಾರ್ಡಿಯನ್ ಪತ್ರಿಕೆ ಬರೆಯಿತು. ಕಾನೂನಿನ ಆದೇಶ ಇದ್ದಾಗ ಮಾತ್ರ ಮಾಹಿತಿ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಉತ್ತರಿಸಿತು. ಆದರೆ ಜನರ ಮನಸ್ಸಿಗೆ ಹುಳ ಹೊಕ್ಕಾಗಿತ್ತು. ನಡುಮನೆಯಲ್ಲಿ ಹೆಂಗಸರು ಮಕ್ಕಳು ಓಡಾಡುವ ಜಾಗಕ್ಕೆ ಮುಖ ಮಾಡಿ ಕೂತ, ಸದಾ ಎಚ್ಚರವಿರುವ ಕ್ಯಾಮೆರಾ. ಅದರ ರೆಪ್ಪೆ ಯಾರ ಕೈಯಲ್ಲಿದೆ?

ಆಗಸ್ಟ್‌ನಲ್ಲಿ ಕಂಪನಿ ಮಣಿಯಿತು. ಕಿನೆಕ್ಟ್ ಕಿತ್ತಿಟ್ಟರೂ ಪೆಟ್ಟಿಗೆ ಓಡುತ್ತದೆ ಎಂದಿತು. 2014ರ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆಯನ್ನು 399 ಡಾಲರಿಗೆ ಮಾರಲು ಶುರುಮಾಡಿತು. ನೂರು ಡಾಲರ್ ಉಳಿಯುತ್ತದೆ ಎಂದಾಗ ಕ್ಯಾಮೆರಾ ಯಾರಿಗೆ ಬೇಕು? 2017ರ ಅಕ್ಟೋಬರ್‌ನಲ್ಲಿ ಕಿನೆಕ್ಟ್ ತಯಾರಿಕೆ ನಿಂತೇಹೋಯಿತು.

ಸೋತದ್ದಕ್ಕೆ ಇದೊಂದೇ ಕಾರಣವಲ್ಲ. ಆಫೀಸಿನ ಮೀಟಿಂಗ್ ಎಂದರೆ ಮುಖ ನೋಡುವುದು ಮಾತ್ರವಲ್ಲ. ಲೆಕ್ಕದ ಹಾಳೆ ತೋರಿಸಬೇಕು, ಪತ್ರ ತಿದ್ದಬೇಕು, ಟಿಪ್ಪಣಿ ಬರೆದುಕೊಳ್ಳಬೇಕು. ಆ ಕಾಗದಪತ್ರವೆಲ್ಲ ಇದ್ದದ್ದು ಕಂಪ್ಯೂಟರಿನಲ್ಲಿ. ಆಟದ ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಆರಿಸಿ ಒಂದು ಸಾಲು ಬರೆಯುವಷ್ಟರಲ್ಲಿ ಮೀಟಿಂಗೇ ಮುಗಿದಿರುತ್ತದೆ. ಪೆಟ್ಟಿಗೆಯಲ್ಲಿ ಕಂಪನಿ ಒಪ್ಪಿದ ತಂತ್ರಾಂಶ ಬಿಟ್ಟು ಬೇರೆಯದನ್ನು ಹಾಕಿಕೊಳ್ಳುವಂತಿರಲಿಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಸ್ಕೈಪ್ ಬಳಸಲು ಮೊದಲಿಗೆ ಬೇರೆ ಚಂದಾ ಕಟ್ಟಬೇಕಿತ್ತು. ಹಳೆಯ ಕಿನೆಕ್ಟ್‌ಗಾದರೆ ಟಿವಿಯಿಂದ ಆರಡಿ ದೂರ ನಿಲ್ಲುವಷ್ಟು ಜಾಗವೂ ಬೇಕಿತ್ತು.

ಇವೆಲ್ಲಕ್ಕೂ ಮಿಗಿಲಾಗಿ, ಮನೆಯ ಟಿವಿ ಒಬ್ಬರದ್ದಲ್ಲ. ಅಪ್ಪನ ಮೀಟಿಂಗ್ ನಡೆಯಬೇಕಾದರೆ ಅಜ್ಜಿಯ ಧಾರಾವಾಹಿ ನಿಲ್ಲಬೇಕು, ಮಗಳ ಆಟ ನಿಲ್ಲಬೇಕು, ಎಲ್ಲರೂ ಆ ಕೋಣೆ ಬಿಡಬೇಕು. ಆಫೀಸು ಮನೆಗೆ ಬರುವುದೆಂದರೆ ಮನೆಯವರ ಜಾಗ ಕಿತ್ತುಕೊಳ್ಳುವುದೇ.

ಬೇಕಾದಾಗ ಇರಲಿಲ್ಲ

ಕಿನೆಕ್ಟ್ ತಯಾರಿಕೆ ನಿಂತು ಎರಡೂವರೆ ವರ್ಷಕ್ಕೆ ಕೊರೊನಾ ಬಂತು. ಜಗತ್ತಿನ ಆಫೀಸುಗಳು ರಾತ್ರೋರಾತ್ರಿ ಮನೆ ಸೇರಿದವು. 2019ರ ಡಿಸೆಂಬರ್‌ನಲ್ಲಿ ಜೂಮ್‌ನ ಮೀಟಿಂಗ್‌ಗಳಿಗೆ ದಿನಕ್ಕೆ ಹೆಚ್ಚೆಂದರೆ ಸುಮಾರು 1 ಕೋಟಿ ಜನ ಸೇರುತ್ತಿದ್ದರು. 2020ರ ಏಪ್ರಿಲ್‌ಗೆ ಆ ಲೆಕ್ಕ 30 ಕೋಟಿ ಮುಟ್ಟಿತು. ಯಾವ ದಿನಕ್ಕಾಗಿ ಆ ಕ್ಯಾಮೆರಾ ಮಾಡಿದ್ದರೋ ಆ ದಿನ ಬಂದಾಗ ಅದು ಅಂಗಡಿಯಲ್ಲೇ ಇರಲಿಲ್ಲ.

ಆದರೂ ಆಟದ ಪೆಟ್ಟಿಗೆ ಮೀಟಿಂಗಿಗೆ ಬಂತು, ಬೇರೆ ದಾರಿಯಲ್ಲಿ. ಬ್ರಿಟನ್ನಿನ ಮಕ್ಕಳ ಪುಸ್ತಕದ ಲೇಖಕರೊಬ್ಬರು ಜೂಮ್ ಸಾಕಾಗಿ, ತಮ್ಮ ಸಂಪಾದಕೀಯ ಸಭೆಗಳನ್ನು ರೆಡ್ ಡೆಡ್ ರಿಡೆಂಪ್ಷನ್ ಎಂಬ ಕುದುರೆ ಸವಾರರ ಆಟದೊಳಗೆ ನಡೆಸುತ್ತಿರುವುದಾಗಿ 2020ರ ಮೇ ತಿಂಗಳಲ್ಲಿ ಹೇಳಿಕೊಂಡರು. ಎಲ್ಲರೂ ಆಟದೊಳಗಿನ ಬೆಂಕಿಯ ಸುತ್ತ ಕೂರುವುದು, ದೂರದಲ್ಲಿ ತೋಳ ಊಳಿಡುತ್ತಿರುವಾಗ ಪುಸ್ತಕದ ಮಾತಾಡುವುದು. ಅದೇ ವರ್ಷ ಜುಲೈನಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧಕರು ನಿಂಟೆಂಡೊದ ಅನಿಮಲ್ ಕ್ರಾಸಿಂಗ್ ಆಟದೊಳಗೆ ಒಂದು ಕಾರ್ಯಾಗಾರವನ್ನೇ ನಡೆಸಿದರು. ಮುಖಗಳಿಲ್ಲ, ಬೊಂಬೆಗಳು ಮಾತ್ರ. ಮಾತು ಕೇಳಿಸಲು ಜೂಮ್ ಬೇಕಾಯಿತು ಎಂಬುದು ಬೇರೆ ವಿಷಯ.

ಈ ಎರಡೂ ಕಡೆ ಯಾರ ಮನೆಯೂ ಯಾರಿಗೂ ಕಾಣಲಿಲ್ಲ. ದಿನವಿಡೀ ಕ್ಯಾಮೆರಾ ಮುಂದೆ ಕೂತು ಸಾಕಾದವರಿಗೆ ಬೇಕಾಗಿದ್ದದ್ದು ಅದೇ ಇರಬೇಕು.

ಆ ಕಣ್ಣು ಎಲ್ಲಿ ಹೋಯಿತು?

ಮೊದಲ ಕಿನೆಕ್ಟ್‌ನ ಚುಕ್ಕಿ ಬೆಳಕಿನ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಎಂಬ ಕಂಪನಿಯದು. 2013ರಲ್ಲಿ ಆಪಲ್ ಆ ಕಂಪನಿಯನ್ನು ಕೊಂಡಿತು. 2017ರಲ್ಲಿ, ಕಿನೆಕ್ಟ್ ನಿಂತ ವರ್ಷವೇ, ಐಫೋನ್ 10 ಬಂತು. ಅದು ಮುಖ ಗುರುತಿಸಿ ಬೀಗ ತೆಗೆಯುವುದು ಅಂಥದ್ದೇ ಕಾಣದ ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ. ಮಾತಾಡುವವರ ಹಿಂದೆ ಚಿತ್ರ ಹೋಗುವ ಸೌಲಭ್ಯವೂ 2021ರಲ್ಲಿ ಆಪಲ್‌ನ ಐಪ್ಯಾಡ್‌ನಲ್ಲಿ ಹೊಸದೆಂಬಂತೆ ಬಂತು. ಹನ್ನೊಂದು ವರ್ಷ ಹಿಂದೆ ಟಿವಿ ಮುಂದೆ ಇದ್ದದ್ದು ಕೈಗೆ ಬಂದಿತ್ತು. ಸ್ಕೈಪ್ ಸೇವೆಯನ್ನು 2025ರ ಮೇ 5ರಂದು ಮುಚ್ಚಿದರು.

ಗೆದ್ದದ್ದು ಫೋನ್. ಅದರ ಕ್ಯಾಮೆರಾ ಚೆನ್ನಾಗಿತ್ತೆಂದಲ್ಲ. ಅದು ಪ್ರತಿಯೊಬ್ಬರ ಕೈಯಲ್ಲಿತ್ತು, ಯಾರ ಧಾರಾವಾಹಿಯನ್ನೂ ನಿಲ್ಲಿಸಲಿಲ್ಲ, ಬೇಡವೆಂದಾಗ ಜೇಬಿಗೆ ಹೋಯಿತು.

ಆದರೆ ಫೋನ್ ಕೂಡ ಎಲ್ಲವನ್ನೂ ಬಗೆಹರಿಸಲಿಲ್ಲ ಎಂಬುದನ್ನು ನಾವೇ ಕಂಡಿದ್ದೇವೆ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡು, ಕರಾವಳಿಯ ಹುಡುಗ ಹುಡುಗಿಯರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಕ್ಲಾಸ್ ಕೇಳಿದರು. ಒಂದೇ ಫೋನ್ ಇರುವ ಮನೆಯಲ್ಲಿ ಅಣ್ಣನ ಕ್ಲಾಸೋ ತಂಗಿಯ ಕ್ಲಾಸೋ ಎಂಬ ಜಗಳ. ಪಿಟ್ಸ್‌ಬರ್ಗ್‌ನ ಆಫೀಸುಗಳಲ್ಲಿ 1970ರಲ್ಲಿ ಎದ್ದಿದ್ದ ಪ್ರಶ್ನೆಯೇ ಅದು: ಆ ತುದಿಯವರ ಹತ್ತಿರ ಯಂತ್ರ ಇದೆಯೇ, ಲೈನ್ ಇದೆಯೇ?

ಇನ್ನು ಮುಂದೆ ಸಭೆ, ಪಾಠ, ಡಾಕ್ಟರ ಸಲಹೆ ಎಲ್ಲ ವಿಡಿಯೊದಲ್ಲೇ ಎಂದು ಯಾರಾದರೂ ಹೊಸ ಯಂತ್ರ ಹೊತ್ತು ಊರಿಗೆ ಬಂದರೆ, ಕ್ಯಾಮೆರಾ ಎಷ್ಟು ಚೆನ್ನಾಗಿದೆ ಎಂದು ಕೇಳುವ ಮೊದಲು ಮೂರು ಮಾತು ಕೇಳೋಣ. ಕೊನೆಯ ಮನೆಯವರಿಗೂ ಇದು ಸಿಗುತ್ತದೆಯೇ? ಇದು ಮನೆಯಲ್ಲಿ ಯಾರ ಜಾಗ, ಯಾರ ಹೊತ್ತು ತೆಗೆದುಕೊಳ್ಳುತ್ತದೆ? ಬೇಡವೆಂದಾಗ ಇದರ ಕಣ್ಣು ಮುಚ್ಚುವ ಗುಂಡಿ ನಮ್ಮ ಕೈಯಲ್ಲಿದೆಯೇ?